ಎಂಬತ್ತೋ, ಒಂಬತ್ತೋ?

ಮಕ್ಕಳೇ, ಮೊಬೈಲಿನಲ್ಲಿ ‘ನೆಟ್‌ವರ್ಕ್ ಇಲ್ಲ’ ಅಂತ ಬಂದರೆ ನಾವು ಮಹಡಿ ಹತ್ತುತ್ತೇವೆ, ಇಲ್ಲವೇ ಅಂಗಳಕ್ಕೆ ಓಡುತ್ತೇವೆ. ಪ್ರವಾಹವೋ ಭೂಕಂಪವೋ ಬಂದು ಇಡೀ ಊರಿನ ನೆಟ್‌ವರ್ಕ್ ಹೋದರೆ ಎಲ್ಲಿಗೆ ಓಡುವುದು? ಟವರಿಗೆ ಕರೆಂಟಿಲ್ಲ, ಕೇಬಲ್ ತುಂಡಾಗಿದೆ. ಆಗ ನೆರವಿಗೆ ಬರುವವರಲ್ಲಿ ಹ್ಯಾಮ್ ರೇಡಿಯೊದವರೂ ಇದ್ದಾರೆ. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಹವ್ಯಾಸಕ್ಕಾಗಿ ವೈರ್‌ಲೆಸ್ ನಡೆಸುವವರು ಇವರು. ಸಂಬಳ ಇಲ್ಲ. ಒಂದು ರೇಡಿಯೊ ಸೆಟ್ಟು, ಕಾರಿನ ಬ್ಯಾಟರಿ, ಮರಕ್ಕೆ ಕಟ್ಟಿದ ತಂತಿಯ ಆಂಟೆನಾ ಇದ್ದರೆ ನಡುವೆ ಟವರಿಲ್ಲದೆಯೂ ಮಾತು ದಾಟುತ್ತದೆ.

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ದಿಲ್ಲಿಯ ಭಾರತಿ ಪ್ರಸಾದ್ ಎಂಬ ಹ್ಯಾಮ್, ತಮ್ಮ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿದ್ದರು. ಹೋಗಿದ್ದು ದೇಶವಿದೇಶದ ಹ್ಯಾಮ್‌ಗಳ ಜೊತೆ ರೇಡಿಯೊದಲ್ಲಿ ಮಾತನಾಡುವ ಸಂತೋಷಕ್ಕೆ. ಫೋನುಗಳು ಕೈಕೊಟ್ಟ ಆ ದಿನಗಳಲ್ಲಿ ಅದೇ ರೇಡಿಯೊ ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿತು. ಕಾರ್ ನಿಕೋಬಾರ್ ದ್ವೀಪಕ್ಕೂ ಹ್ಯಾಮ್‌ಗಳು ಹೋದರು. ಮಗನದೋ ಮಗಳದೋ ಸುದ್ದಿಯಿಲ್ಲದೆ ಕಂಗಾಲಾಗಿದ್ದ ಮನೆಗಳಿಗೆ ‘ನಿಮ್ಮವರು ಕ್ಷೇಮ’ ಎಂಬ ಮಾತು ಹೀಗೂ ತಲುಪಿತು.

ಇಂಥ ಕೆಲಸಕ್ಕೆ ಏನು ತರಬೇತಿ ಕೊಡುತ್ತಾರೆ ಗೊತ್ತೆ? ಗುಂಡಿ ಒತ್ತಿ ಮಾತನಾಡುವುದನ್ನು ಯಾರು ಬೇಕಾದರೂ ಬೇಗ ಕಲಿಯಬಹುದು. ಕಷ್ಟದ ಪಾಠ ಬೇರೆ: ಸರಿಯಾಗಿ ಕೇಳಿಸಿಕೊಳ್ಳುವುದು, ಕೇಳಿದ್ದನ್ನಷ್ಟೇ ಬರೆಯುವುದು.

ಗರಗರ ಸದ್ದಿನ ನಡುವೆ ಯಾರೋ ‘ಎಂಬತ್ತು’ ಎನ್ನುತ್ತಾರೆ. ನಿಮಗೆ ‘ಒಂಬತ್ತು’ ಎಂದು ಕೇಳಿಸುತ್ತದೆ. ‘ಎಪ್ಪತ್ತು’ ಎಂದರೆ ‘ಇಪ್ಪತ್ತು’ ಆಗುತ್ತದೆ. ಎಂಬತ್ತು ಜನ ಹಸಿದಿರುವ ಕಡೆಗೆ ಒಂಬತ್ತು ಊಟದ ಪೊಟ್ಟಣ ಹೋದರೆ ಏನು ಗತಿ? ಅದಕ್ಕೇ ಅಂಕೆಗಳನ್ನು ಬಿಡಿಬಿಡಿಯಾಗಿ ಹೇಳಬೇಕು: ‘ಎಂಟು, ಸೊನ್ನೆ’. ಹೆಸರುಗಳಿಗೆ ಇಂಗ್ಲಿಷ್ ಅಕ್ಷರಗಳಿಗಾಗಿ ಗೊತ್ತುಮಾಡಿದ ಪದಗಳಿವೆ. ಎ ಅಂದರೆ ಆಲ್ಫಾ, ಬಿ ಅಂದರೆ ಬ್ರಾವೊ. ಬಿ, ಡಿ, ಪಿ, ಟಿ ಎಲ್ಲವೂ ರೇಡಿಯೊದಲ್ಲಿ ಒಂದೇ ಥರ ಕೇಳಿಸುವುದರಿಂದ ಈ ಉಪಾಯ. ನಮ್ಮ ಪುಟ್ಟಿಯ ಹೆಸರು ‘ಪಾಪಾ, ಯೂನಿಫಾರ್ಮ್, ಟ್ಯಾಂಗೊ, ಟ್ಯಾಂಗೊ, ಇಂಡಿಯಾ’ ಆಗುತ್ತದೆ!

ಸಂದೇಶ ಬರೆಯಲು ಫಾರಂ ಉಂಟು. ಕ್ರಮಸಂಖ್ಯೆ, ಎಲ್ಲಿಂದ, ಯಾರಿಗೆ, ತಾರೀಖು, ಗಂಟೆ, ಜೊತೆಗೆ ಒಟ್ಟು ಎಷ್ಟು ಪದಗಳು ಎಂಬ ಲೆಕ್ಕ. ಆ ಕಡೆಯವರು ಬರೆದುಕೊಂಡು ಪದ ಎಣಿಸುತ್ತಾರೆ. ಹದಿನೈದು ಇರಬೇಕಾದದ್ದು ಹದಿನಾಲ್ಕಿದ್ದರೆ ಮತ್ತೆ ಕೇಳಿಸಿಕೊಳ್ಳಬೇಕು. ಇದನ್ನು ಓದಿದಾಗ ನನಗೆ ನಮ್ಮ ಬ್ಯಾಂಕಿನ ಟೆಲಿಗ್ರಾಫಿಕ್ ಟ್ರಾನ್ಸ್‌ಫರ್ ನೆನಪಾಯಿತು. ಬೇರೆ ಊರಿನ ಬ್ರಾಂಚಿನಿಂದ ತಂತಿಯಲ್ಲಿ ಹಣದ ಸೂಚನೆ ಬರುತ್ತಿತ್ತು, ಜೊತೆಗೊಂದು ಗುಟ್ಟಿನ ಸಂಖ್ಯೆ. ಅದು ತಾಳೆಯಾಗದೆ ಹಣ ಕೊಡುವ ಹಾಗಿರಲಿಲ್ಲ. ಅಂದಾಜಿನ ಮೇಲೆ ಬ್ಯಾಂಕೂ ನಡೆಯದು, ರೇಡಿಯೊವೂ ನಡೆಯದು.

ಇನ್ನು ಸರದಿಯ ಪಾಠ. ಒಬ್ಬರು ಗುಂಡಿ ಒತ್ತಿ ಮಾತನಾಡುವಾಗ ಇನ್ನೊಬ್ಬರೂ ಒತ್ತಿದರೆ ಇಬ್ಬರ ಮಾತೂ ಹಾಳು. ಆದ್ದರಿಂದ ‘ನೆಟ್ ಕಂಟ್ರೋಲ್’ ಎಂದು ಒಬ್ಬರನ್ನು ನೇಮಿಸುತ್ತಾರೆ. ಕ್ಲಾಸ್ ಟೀಚರ್ ಇದ್ದ ಹಾಗೆ ಅನ್ನಿ. ಅವರು ಕರೆದಾಗಲೇ ಮಾತು. ಪ್ರಾಣಾಪಾಯದ ಸಂದೇಶಕ್ಕೆ ಮೊದಲ ಸ್ಥಾನ, ಔಷಧಿ ಆಹಾರದಂಥ ಅಗತ್ಯಗಳು ಆಮೇಲೆ, ಕ್ಷೇಮ ಸಮಾಚಾರ ಅದರ ನಂತರ. ಸ್ವಯಂಸೇವಕನ ಸ್ವಂತ ಅಮ್ಮನಿಗೆ ಹೋಗಬೇಕಾದ ‘ಚೆನ್ನಾಗಿದ್ದೇನೆ’ ಕೂಡ ಸಾಲಿನಲ್ಲೇ ಕಾಯಬೇಕು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಷ್ಟದ ಪಾಠ ಇದೇ.

ಬಾಯಿಗೆ ಬೀಗ ಹಾಕುವ ಪಾಠವೂ ಇದೆ. ‘ಅಣೆಕಟ್ಟು ಒಡೆಯಿತಂತೆ’ ಎಂದು ಯಾರೋ ಅಂದರೆ ಅದನ್ನು ಗಾಳಿಗೆ ಬಿಡಬಾರದು. ಯಾರು ಕಂಡರು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಬೇಕು. ತೀರಿಕೊಂಡವರ ಹೆಸರನ್ನು ರೇಡಿಯೊದಲ್ಲಿ ಹೇಳಬಾರದೆಂದೂ ಕಲಿಸುತ್ತಾರೆ. ಆ ಮಾತನ್ನು ಯಾರು ಬೇಕಾದರೂ ಕೇಳಬಹುದಲ್ಲ! ಅಂಥ ಸುದ್ದಿ ಆ ಮನೆಯವರಿಗೆ ಹಾಗೆ ಮುಟ್ಟಬಾರದು. ಅಜ್ಜ ಅಜ್ಜಿಯರೇ, ಬಂದ ವಾಟ್ಸಾಪ್ ಸಂದೇಶವನ್ನೆಲ್ಲ ಹತ್ತು ಜನಕ್ಕೆ ಕಳಿಸುವ ನಮಗೂ ಈ ಪಾಠ ಬೇಕೇನೋ!

ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಹ್ಯಾಮ್ ಪರೀಕ್ಷೆಗೆ ಕೂರಬಹುದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಹೊಸಬರಿಗೆ ಪಾಠ ಹೇಳಿಕೊಡುತ್ತ ಬಂದಿದೆ. ಲೈಸೆನ್ಸ್ ಇಲ್ಲದೆ ಮಾತ್ರ ಪ್ರಸಾರ ಮಾಡುವಂತಿಲ್ಲ, ನೆನಪಿರಲಿ.

ಅಲ್ಲಿಯವರೆಗೆ ಮನೆಯಲ್ಲೇ ಒಂದು ಅಭ್ಯಾಸ. ಅಜ್ಜಿ ಅಡುಗೆಮನೆಯಲ್ಲಿ, ಮೊಮ್ಮಗ ಹಜಾರದಲ್ಲಿ, ಫ್ಯಾನು ಟಿ.ವಿ. ಎರಡೂ ಜೋರಾಗಿರಲಿ. ಅಜ್ಜಿ ಒಂದು ಹೆಸರು, ಒಂದು ಊರು, ಎರಡು ಸಂಖ್ಯೆ ಇರುವ ಹದಿನೈದು ಪದಗಳ ಸಂದೇಶ ಹೇಳಲಿ. ಮೊಮ್ಮಗ ಬರೆದುಕೊಂಡು, ಪದ ಎಣಿಸಿ, ತಿರುಗಿ ಓದಿ ಹೇಳಲಿ. ಆಮೇಲೆ ಮೊಮ್ಮಗ ಹೇಳಲಿ, ಅಜ್ಜಿ ಬರೆಯಲಿ. ಎಷ್ಟು ತಾಳೆಯಾಯಿತು ನೋಡಿ. ಕಿವಿ ಮಂದವಾದ ನಮ್ಮಂಥವರು ‘ಇನ್ನೊಮ್ಮೆ ಹೇಳಪ್ಪ’ ಎಂದರೆ ಮಕ್ಕಳು ಬೇಸರಪಡಬಾರದು. ತರಬೇತಿಯಾದ ಹ್ಯಾಮ್‌ಗಳೂ ನಾಚಿಕೆಯಿಲ್ಲದೆ ಹಾಗೇ ಕೇಳುತ್ತಾರೆ.