ತಗಡಿನ ಬಲ ಮಡಿಕೆಯಲ್ಲಿ

ಮಳೆಗಾಲ ಹತ್ತಿರವಾದಂತೆ ಮುಂಬಯಿಯ ಸಂಸಾರಸ್ಥರಿಗೆ ತಗಡಿನ ನೆನಪಾಗುತ್ತದೆ. ಕಿಟಕಿಗೆ ಮರೆ ಬೇಕು, ಮಾಡಿನಂಚಿಗೆ ನೀರಿನ ದೋಣಿ ಬೇಕು, ಬಟ್ಟೆಬರೆಗೆ ಟ್ರಂಕು ಬೇಕು. ಅಂಗಡಿಗೆ ಹೋದ ನಾವು ಮೊದಲು ಕೇಳುವುದು, "ತಗಡು ಎಷ್ಟು ದಪ್ಪ?" ಎಂದು. "ಅಂಚನ್ನು ಹೇಗೆ ಮಡಿಸುತ್ತೀರಿ?" ಎಂದು ಕೇಳುವವರು ಕಡಮೆ. ಬಲದ ಗುಟ್ಟಿರುವುದು ಅಲ್ಲಿಯೇ.

ಕಾಗದದೊಡನೆ ಬಾಳುವ ನಮ್ಮಂಥ ಗುಮಾಸ್ತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿಡಿ ಹಾಳೆಯ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಜೋಲುತ್ತದೆ. ಉದ್ದಕ್ಕೂ ಒಂದು ಮಡಿಕೆ ಕೊಟ್ಟರೆ ನೆಟ್ಟಗೆ ನಿಲ್ಲುತ್ತದೆ. ತಗಡಿನ ಧರ್ಮವೂ ಇದೇ. 1829ರಲ್ಲಿ ಹೆನ್ರಿ ರಾಬಿನ್‌ಸನ್ ಪಾಮರ್ ಎಂಬ ಆಂಗ್ಲ ಇಂಜಿನಿಯರು ತಗಡನ್ನು ಅಲೆಯಲೆಯಾಗಿ ಬಗ್ಗಿಸಿ ಪೇಟೆಂಟು ಪಡೆದುದು ಇದೇ ಗುಟ್ಟಿನ ಮೇಲೆ.

ಕೈಯಿಂದ ನಡೆಸುವ ಮಡಿಸುವ ಯಂತ್ರಕ್ಕೆ ವಿದ್ಯುತ್ತು ಬೇಡ. ಕೆಳಗೊಂದು ಹಾಸು, ಮೇಲೆ ಅದುಮಿ ಹಿಡಿಯುವ ದೂಲ, ಮುಂದೆ ಕೀಲಿನ ಮೇಲೆ ಏಳುವ ಹಲಗೆ. ಗೆರೆ ಎಳೆದ ತಗಡನ್ನು ದೂಲದ ಅಂಚಿಗೆ ಸರಿಹೊಂದಿಸಿ, ಬಿಗಿದು, ಹಿಡಿಕೆಯೆತ್ತಿದರೆ ಹಲಗೆಯೊಡನೆ ತಗಡೂ ಏಳುತ್ತದೆ.

ಇಷ್ಟೆಯೇ ಎನ್ನಬೇಡಿ. ತಗಡಿಗೂ ಹಟವುಂಟು, ಬಿಟ್ಟ ಕೂಡಲೆ ಕೊಂಚ ಹಿಂದಕ್ಕೆ ಬರುತ್ತದೆ. 90 ಡಿಗ್ರಿಯ ಮೂಲೆ ಬೇಕಾದವನು ಒಂದೆರಡು ಡಿಗ್ರಿ ಮಿಗಿಲಾಗಿಯೇ ಬಗ್ಗಿಸಬೇಕು. ಸ್ಟೇನ್‌ಲೆಸ್ ಸ್ಟೀಲಾದರೆ ಇನ್ನೂ ಹೆಚ್ಚು. ಮಡಿಕೆಗಳಿಗೆ ಸರದಿಯೂ ಇದೆ. ಪೆಟ್ಟಿಗೆಯಾದರೆ ಮೊದಲು ಅಂಚು, ಆಮೇಲೆ ಬದಿಗಳು. ಎರಡು ಬದಿ ಎದ್ದ ಮೇಲೆ ಉಳಿದೆರಡಕ್ಕೆ ಉದ್ದನೆಯ ದೂಲ ಅಡ್ಡ ಬರುತ್ತದೆ. ಅದಕ್ಕೆಂದೇ ಕೆಲವು ಯಂತ್ರಗಳಲ್ಲಿ ದೂಲದ ಮುಂಭಾಗ ಬಿಡಿ ತುಂಡುಗಳಾಗಿದ್ದು, ಬೇಡದವನ್ನು ಕಳಚಿಡಬಹುದು. ಕಛೇರಿಯ ಕಾಗದ ತಪ್ಪಿದರೆ "ತಿದ್ದಿ ಮರಳಿ ಮಂಡಿಸಿ" ಎಂದು ಬರೆದು ಕಳಿಸಬಹುದು. ತಗಡಿಗೆ ಆ ಸೌಕರ್ಯವಿಲ್ಲ. ಮಡಿಸಿದ್ದನ್ನು ಬಿಚ್ಚಿ ಮತ್ತೆ ಅಲ್ಲಿಯೇ ಮಡಿಸಿದರೆ ಬಿರಿಯುವ ಭಯ.

ಮಕ್ಕಳೊಂದಿಗರಿಗೆ ಒಂದು ಮಾತು. ಕತ್ತರಿಸಿದ ತಗಡಿನ ಅಂಚು ಚಾಕುವಿಗೆ ಸಮಾನ. ಅದನ್ನು ಒಳಕ್ಕೆ ಚಪ್ಪಟೆಯಾಗಿ ಮಡಿಸಿದರೆ ಹರಿತ ಅಡಗುತ್ತದೆ, ಮಗುವಿನ ಬೆರಳು ಉಳಿಯುತ್ತದೆ, ಅಂಚಿಗೂ ಬಿಗಿ ಬರುತ್ತದೆ. ಅದಕ್ಕೆ ಬೇಕಾದದ್ದು ಒಂದಿಷ್ಟು ಹೆಚ್ಚಿನ ತಗಡು, ಒಂದಿಷ್ಟು ಹೆಚ್ಚಿನ ಹೊತ್ತು. ಚೌಕಾಸಿ ನಮ್ಮ ಹುಟ್ಟುಗುಣ, ಮಾಡೋಣ. ಆದರೆ ಅಂಚಿನ ಮಡಿಕೆಯನ್ನು ಬಿಡಿಸಿ ನಾಲ್ಕು ಕಾಸು ಉಳಿಸುವುದು ಬೇಡ. ತೂಕಕ್ಕೆ ಕೊಟ್ಟ ಹಣ ತಗಡಿಗೆ ಸಲ್ಲುತ್ತದೆ; ಮಡಿಕೆಗೆ ಕೊಟ್ಟದ್ದು ದುಡಿದ ಕೈಗೆ.