ಹೆಣ ಎಣಿಸಿದರೆ ಸಾಲದು

ಕಡಲಿಗೆ ಎಣ್ಣೆ ಚೆಲ್ಲಿದಾಗ ನಷ್ಟ ಅಳೆಯುವ ರೂಢಿ ಎಂದರೆ ಸತ್ತದ್ದನ್ನು ಎಣಿಸುವುದು. ದಡಕ್ಕೆ ಬಂದು ಬಿದ್ದ ಹಕ್ಕಿಗಳೆಷ್ಟು, ತೇಲಿದ ಮೀನುಗಳೆಷ್ಟು ಎಂದು. ಈ ಅಳತೆಯೇ ತಪ್ಪು ಎಂಬುದು ನನ್ನ ವಾದ. ಬದುಕಿ ಉಳಿದ ಮೀನಿನ ಮೈಯೊಳಗೆ ಆದ ಹಾನಿ ಈ ಎಣಿಕೆಗೆ ಸಿಗುವುದೇ ಇಲ್ಲ.

1989ರ ಮಾರ್ಚ್ 24ರಂದು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ‘ಎಕ್ಸಾನ್ ವಾಲ್ಡೀಜ್’ ಹಡಗು ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸೋರಿತು. ಕೆಲವೇ ವಾರಗಳಲ್ಲಿ ಹೆರಿಂಗ್ ಮೀನುಗಳು ಮೊಟ್ಟೆಯಿಡಲು ದಡದಂಚಿಗೆ ಬಂದವು. ಇವು ನಮ್ಮ ಬೂತಾಯಿಯ ಬಳಗದವು. ಅಂಟಂಟಾದ ಮೊಟ್ಟೆಗಳನ್ನು ಕಡಲಕಳೆಗೆ ಮೆತ್ತುತ್ತವೆ. ಎಣ್ಣೆ ತಾಗಿದ ಜಾಗದ ಮರಿಗಳನ್ನು ಪರೀಕ್ಷಿಸಿದಾಗ, ಜೀವಕೋಶ ಎರಡಾಗುವ ಹೊತ್ತಿನಲ್ಲಿ ವರ್ಣತಂತುಗಳು ತುಂಡಾಗಿದ್ದದ್ದು ಕಂಡಿತು.

ಕಚ್ಚಾ ತೈಲದಲ್ಲಿ ಬೆಂಜೋಪೈರೀನ್‌ನಂಥ ಬಹುಉಂಗುರ ಹೈಡ್ರೋಕಾರ್ಬನ್‌ಗಳಿರುತ್ತವೆ. ಮೀನಿನ ಯಕೃತ್ತು ಅವನ್ನು ಹೊರಹಾಕಲೆಂದೇ ನೀರಿನಲ್ಲಿ ಕರಗುವ ರೂಪಕ್ಕೆ ತರಲು ಹೊರಡುತ್ತದೆ. ಆ ನಡುವೆ ಹುಟ್ಟುವ ಒಂದು ರಾಸಾಯನಿಕ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಮೈ ತನ್ನನ್ನು ಕಾಪಾಡಿಕೊಳ್ಳಲು ಮಾಡುವ ಕೆಲಸವೇ ಅದಕ್ಕೆ ಮುಳುವಾಗುತ್ತದೆ. ಈ ಹಾನಿಯನ್ನು ಕಣ್ಣಾರೆ ಕಾಣಲು ದುಬಾರಿ ಯಂತ್ರವೇನೂ ಬೇಡ. ನಮ್ಮ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ, ಮೀನಿನದರಲ್ಲಿದೆ. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಹಾನಿಗೊಂಡ ಕಣದ ದೊಡ್ಡ ಕೇಂದ್ರದ ಪಕ್ಕ ಒಂದು ಪುಟ್ಟ ಚುಕ್ಕೆ ಕಾಣುತ್ತದೆ. ವಿಭಜನೆಯಲ್ಲಿ ಹಿಂದುಳಿದ ವರ್ಣತಂತುವಿನ ಚೂರು ಅದು.

ಅಲಾಸ್ಕಾದಲ್ಲೇ ನಡೆದ ಇನ್ನೊಂದು ಪ್ರಯೋಗ ನನ್ನನ್ನು ಹೆಚ್ಚು ಕಲಕಿದೆ. ಪಿಂಕ್ ಸಾಲ್ಮನ್ ಭ್ರೂಣಗಳನ್ನು ಶತಕೋಟಿಯಲ್ಲಿ ಕೆಲವೇ ಭಾಗದಷ್ಟು ಎಣ್ಣೆಯ ಅಂಶವಿದ್ದ ನೀರಿನಲ್ಲಿ ಬೆಳೆಸಿದರು. ನೋಡಲು ಆರೋಗ್ಯವಾಗಿದ್ದ ಮರಿಗಳಿಗಷ್ಟೇ ಗುರುತು ಹಾಕಿ ಕಡಲಿಗೆ ಬಿಟ್ಟರು. ಶುದ್ಧ ನೀರಿನಲ್ಲಿ ಬೆಳೆದವುಗಳಿಗಿಂತ ಅವು ಕಡಿಮೆ ಸಂಖ್ಯೆಯಲ್ಲಿ ಮರಳಿದವು. ಮರಳದವು ಸತ್ತದ್ದು ಕಡಲಿನಲ್ಲಿ. ಆ ಹೆಣಗಳನ್ನು ಯಾರು ಎಣಿಸಬೇಕಿತ್ತು?

ಇದಕ್ಕೆ ಎದುರು ವಾದವೂ ಇದೆ, ಅದನ್ನು ತಳ್ಳಿಹಾಕಲಾಗದು. ಅಲ್ಲಿನ ಹೆರಿಂಗ್ ಸಂತತಿ ಕುಸಿದದ್ದು 1993ರಲ್ಲಿ. ಆಗ ವೈರಸ್ ರೋಗವೂ ಕಾಣಿಸಿತ್ತು, ಕಾರಣದ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಡಿಎನ್‌ಎ ಹಾನಿಯಾದ ಮಾತ್ರಕ್ಕೆ ಸಂತತಿ ಅಳಿಯುತ್ತದೆ ಎಂದೂ ಹೇಳಲು ಬರುವುದಿಲ್ಲ. ಜೀವಕೋಶ ಎಷ್ಟೋ ಹಾನಿಯನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ. ನಿಜ. ಆದರೆ ಆ ಅನಿಶ್ಚಿತತೆಯ ಲಾಭ ಎಣ್ಣೆ ಚೆಲ್ಲಿದವರ ಪಾಲಾಗಿ, ನಷ್ಟ ಮೀನುಗಾರರ ತಲೆಗೆ ಬರುವುದು ಯಾವ ನ್ಯಾಯ?

ಆದದ್ದು ಹಾಗೆಯೇ. ಅಮೆರಿಕ ಹಾಗೂ ಅಲಾಸ್ಕಾ ಸರ್ಕಾರಗಳು ಎಕ್ಸಾನ್ ಕಂಪನಿಯೊಡನೆ ಮಾಡಿಕೊಂಡ 1991ರ 90 ಕೋಟಿ ಡಾಲರ್ ಒಪ್ಪಂದದಲ್ಲಿ, ಮುಂಗಾಣದ ಹಾನಿ ಬೆಳಕಿಗೆ ಬಂದರೆ ಇನ್ನೂ 10 ಕೋಟಿಯವರೆಗೆ ಕೇಳಬಹುದೆಂಬ ಷರತ್ತಿತ್ತು. 2006ರಲ್ಲಿ ಆ ಸರ್ಕಾರಗಳು ಹಣ ಕೇಳಿದವು, 2015ರಲ್ಲಿ ಕೈಬಿಟ್ಟವು. ಬಾತುಗಳು, ಕಡಲ ನೀರುನಾಯಿಗಳು ಮೊದಲಿನ ಸಂಖ್ಯೆಗೆ ಮರಳಿವೆ ಎಂಬುದು ಕೊಟ್ಟ ಕಾರಣ. ಮತ್ತದೇ ತಲೆಎಣಿಕೆ. ಇಂಥ ಒಪ್ಪಂದಗಳಲ್ಲಿ ಮೊಟ್ಟೆ, ಮರಿಗಳ ವರ್ಣತಂತು ಪರೀಕ್ಷೆಯನ್ನು ಹಲವು ತಲೆಮಾರಿನವರೆಗೆ ಕಡ್ಡಾಯ ಮಾಡಿ, ಅದರ ಖರ್ಚನ್ನೂ ಹಾನಿಯಾಗಿಲ್ಲವೆಂದು ತೋರಿಸುವ ಹೊಣೆಯನ್ನೂ ಎಣ್ಣೆ ಕಂಪನಿಯ ಮೇಲೆಯೇ ಹೊರಿಸಬೇಕು.