ನಿದ್ದೆಯೂ ನಮ್ಮ ಹಕ್ಕು



ದಿನಕ್ಕೆ ಏಳು ತಾಸಾದರೂ ನಿದ್ದಿ ಮಾಡ್ರಿ ಅಂತಾರೆ ಡಾಕ್ಟರು. ಸುಳ್ಳಲ್ಲ. ನಿದ್ದೆಗೆಟ್ಟರೆ ಬಿಪಿ, ಶುಗರ್, ಹೃದಯದ ಕಾಯಿಲೆ ಹೆಚ್ಚುತ್ತವೆ. ಆದರೆ ಆ ಏಳು ತಾಸು ನಮ್ಮ ಕೇರಿಗೆ ಎಲ್ಲಿಂದ ಬರಬೇಕು?

ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಭತ್ತದ ನಾಟಿ. ನಮ್ಮ ಹೆಣ್ಮಕ್ಕಳು ಕತ್ತಲಲ್ಲೇ ಎದ್ದು, ನೀರು ತುಂಬಿ, ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಟಂಟಂ ಹತ್ತಬೇಕು. ರಾತ್ರಿ ಎಲ್ಲರೂ ಉಂಡ ಮೇಲೆ ಮುಸುರಿ ತಿಕ್ಕಿ ಕೊನೆಗೆ ಮಲಗೋರೂ ಅವರೇ. ನಮ್ಮ ಸಭೆಗಳಲ್ಲಿ ಈ ಮಾತೇ ಬರೋದಿಲ್ಲ ನೋಡ್ರಿ.

ಮಸ್ಕಿ ಕಡೆ ಪಂಪ್‌ಸೆಟ್‌ಗೆ ರಾತ್ರಿ ಕರೆಂಟ್ ಬಂದರೆ ನೀರು ಕಟ್ಟಾಕ ಹೋಗೋನು ಸಂಬಳದಾಳು, ಹೊಲದ ಧಣಿ ಅಲ್ಲ. ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿದವರು ಹಗಲು ತಗಡಿನ ಕೆಳಗೆ ಮಲಗಿದರೆ, ಈ ರಾಯಚೂರು ಬಿಸಿಲಿಗೆ ಕಣ್ಣು ಹತ್ತುತ್ತಾ?

ಬಾಬಾಸಾಹೇಬರು ಕಾರ್ಮಿಕ ಖಾತೆಯಲ್ಲಿದ್ದಾಗ ತಂದ ಮಸೂದೆಯಿಂದಲೇ 1946ರಲ್ಲಿ ಕಾರ್ಖಾನೆ ದುಡಿಮೆ ವಾರಕ್ಕೆ 54 ತಾಸಿನಿಂದ 48ಕ್ಕೆ ಇಳಿದದ್ದು. 2012ರ ರಾಮಲೀಲಾ ಮೈದಾನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿದ್ದೆಯನ್ನೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೆ ಸೇರಿಸಿ ಮಾತಾಡಿದೆ. ನಮ್ಮ ರಾಜ್ಯ ಮಾತ್ರ 2023ರಲ್ಲಿ ಕಾನೂನು ತಿದ್ದಿ, ಕಾರ್ಖಾನೆಗಳಲ್ಲಿ ದಿನಕ್ಕೆ 12 ತಾಸಿನವರೆಗೂ ದುಡಿಸಾಕ ದಾರಿ ಮಾಡಿಕೊಟ್ಟಿತು. ಹೊಲದ ಕೂಲಿಗಂತೂ ತಾಸಿನ ಲೆಕ್ಕ ಕೇಳೋರೇ ಇಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಪಂಪ್‌ಸೆಟ್‌ಗೆ ಹಗಲು ಕರೆಂಟ್ ಕೇಳೋಣ, ಕೇರಿಗೆ ಹೊತ್ತಿಗೆ ಸರಿಯಾಗಿ ನಳದ ನೀರು ಕೇಳೋಣ. ಅಲ್ಲೀತನಕ ಮನೆಯ ಮುಸುರಿ ಗಂಡಸರು ತಿಕ್ಕಲಿ.